ಐದನೆಯ ತಿಂಗಳ ಬಯಕೆ

ಜಲಜಳ ಬುಟ್ಟಿಗಿಂತ ಮೊದಲು ಅವಳ ದನಿ ನಮ್ಮ ಜಗಲಿಗೆ ಬರುತ್ತಿತ್ತು. ಬೀಜಾಡಿಯ ಕಡಲತಡಿಯಿಂದ ಕುಂದಾಪುರಕ್ಕೆ ಮೀನು ಹೊತ್ತು ಓಡುನಡಿಗೆಯಲ್ಲಿ ಬರುವ ಹೆಂಗಸರ ಸಾಲಿನಲ್ಲಿ ಅವಳೇ ಎಲ್ಲರಿಗಿಂತ ಚಿಕ್ಕವಳು. ಇಪ್ಪತ್ತು ದಾಟಿತ್ತೋ ಇಲ್ಲವೋ.

"ಹ್ವಾಯ್ ಅಕ್ಕಾ! ಬಂಗ್ಡಿ ಇತ್ತ್, ಬನ್ನಿ. ಕಣ್ಣ್ ಕಾಣಿ ಇದ್ರದ್, ನಿಮ್ಮ ಅತ್ತೆಯವ್ರ ಕಣ್ಣಿಗಿಂತ ಚುರ್ಕ್ ಇತ್ತ್."

ಒಳಗೆ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದ ನಮ್ಮ ಅತ್ತೆ, "ಆ ಹೆಣ್ಣಿಗೆ ಬಾಯಿ ಒಂದ್ ಇಲ್ದಿರೆ ನಾಯಿ ಕಚ್ಕಂಡ್ ಹೋತಿತ್ತ್" ಎಂದು ಗೊಣಗುವರು. ಆದರೆ ಮೀನು ಆರಿಸಲು ತಾವೇ ಎದ್ದು ಬರುವರು.

ಅದು ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ. ನಮ್ಮ ಮನೆಯವರು ಊರಿನ ಒಂದು ಚಿಕ್ಕ ಆಸ್ಪತ್ರೆಯಲ್ಲಿ ಕಂಪೌಂಡರು. ಆಸ್ಪತ್ರೆಯ ಹಿಂದೆಯೇ ನಮಗೆ ಬಿಡಾರ. ನನ್ನ ಚೊಚ್ಚಲ ಮಗ ಇನ್ನೂ ತೊಟ್ಟಿಲಲ್ಲಿದ್ದ. ಮೀನಿನ ಹೆಂಗಸರೆಲ್ಲ ಅವನ ಗಲ್ಲ ಹಿಂಡಿ, ಕಾಲು ಎಳೆದು, ಅಳಿಸಿಯೇ ಹೋಗುತ್ತಿದ್ದರು. ಜಲಜ ಮಾತ್ರ ಜಗಲಿಯ ಮೆಟ್ಟಿಲಲ್ಲೇ ನಿಂತು ದೂರದಿಂದ ಅವನಿಗೆ ಮುಖ ಸೊಟ್ಟ ಮಾಡಿ ನಗಿಸುತ್ತಿದ್ದಳು. ಮುಟ್ಟುತ್ತಿರಲಿಲ್ಲ. ಕೈ ಮೀನಿನದೆಂದು ನಾಚಿಕೆ ಇರಬೇಕು ಎಂದುಕೊಂಡಿದ್ದೆ.

ಶಿವರಾತ್ರಿ ಕಳೆದ ಮೇಲೆ ಒಂದು ದಿನ ಅವಳು ಬುಟ್ಟಿ ಖಾಲಿ ಮಾಡಿಕೊಂಡು ತಿರುಗಿ ಬಂದಳು. ಕೈಕಾಲು ತೊಳೆದಿದ್ದಳು. ಅತ್ತೆ ಪಕ್ಕದ ಮನೆಗೆ ಹೋಗಿದ್ದರು. ಮೆಟ್ಟಿಲಲ್ಲಿ ಕೂತು ಸಿಂಬಿಯ ಬಟ್ಟೆಯನ್ನು ಬಿಚ್ಚಿ ಮತ್ತೆ ಸುತ್ತುತ್ತಲೇ ಇದ್ದಳು. ನನಗೆ ಭಯವಾಯಿತು.

"ಎಂತ ಆಯ್ತ್ ಜಲಜ?"

"ಅಕ್ಕಾ, ನಿಮ್ಮ ಯಜಮಾನ್ರ ಆಸ್ಪತ್ರೆಯಲ್ಲಿ ಬಸ್ರ್ ನಿಂಬುಕೆ ಮದ್ದಿತ್ತಾ?"

ಮದುವೆಯಾದ ಮೇಲೆ ಎರಡು ಸಲ ಬಸುರಿಯಾಗಿ ಎರಡೂ ಕೈ ಬಿಟ್ಟಿದ್ದವು. ಮೊದಲನೆಯದು ಐದರಲ್ಲಿ. ಎರಡನೆಯದು ಆರು ತುಂಬಿದ ಮೇಲೆ. ಏಳರ ಬಯಕೆಗೆಂದು ಹಸಿರು ಸೀರೆ ತಂದಿಟ್ಟಾಗಿತ್ತು. ಈಗ ಮತ್ತೆ ಮೂರನೆಯ ತಿಂಗಳು. ಕೇರಿಯವರು ನಾಗನ ದೋಷ ಎಂದರು, ಅವಳ ಹೆಜ್ಜೆ ಸರಿಯಿಲ್ಲ ಎಂದರು. ಇವಳಿಗೆ ಬೇಕಾದದ್ದು ಒಂದೇ: ಈ ಸಲದ ಮಗು ಉಳಿಯಬೇಕು.

ನಾನು ತೊಟ್ಟಿಲಿನಿಂದ ಮಗನನ್ನು ಎತ್ತಿ ಅವಳ ಮಡಿಲಿಗೆ ಕೊಡಹೋದೆ. ಅವಳು ಹಿಂದೆ ಸರಿದು ಸೆರಗನ್ನು ಬಾಯಿಗೆ ಹಿಡಿದಳು. "ಬ್ಯಾಡ ಅಕ್ಕಾ, ನನ್ ಬಾಯಿ ವಾಸ್ನೆ ಬತ್ತ್. ಮಗುಗ್ ಆಪುದಲ್ಲ." ಆಗ ಗೊತ್ತಾಯಿತು, ಅವಳು ಯಾಕೆ ಇಷ್ಟು ದಿನ ದೂರ ನಿಂತದ್ದೆಂದು. ಮಧ್ಯಾಹ್ನದ ಹೊತ್ತಿಗೇ ಕಳ್ಳಿನ ಹುಳಿ ವಾಸನೆ ನನ್ನವರೆಗೂ ಬಂತು.

ಅವಳ ಕುಡಿತ ಶುರುವಾದದ್ದು ಮದ್ದಿನಿಂದ. ಮೊದಲ ಬಸುರು ಹೋದಾಗ ಮೈ ತಣ್ಣಗಾಗಿದೆ ಎಂದು ಅವಳ ಅತ್ತೆ ಪದ್ದಕ್ಕ, ಬಾಣಂತಿಯರಿಗೆ ಕೊಡುವ ಹಾಗೆಯೇ, ಕರಿಮೆಣಸು ಬೆಲ್ಲ ಹಾಕಿ ಕಾಸಿದ ಸಾರಾಯಿ ಕೊಟ್ಟಳು. ನಲವತ್ತು ದಿನ ಕಳೆದರೂ ಬಾಯಿ ಅದನ್ನು ಬಿಡಲಿಲ್ಲ. ನಸುಕಿನಲ್ಲಿ ಸೊಂಟದವರೆಗೆ ನೀರಿನಲ್ಲಿ ನಿಂತು ಬಲೆಯಿಂದ ಮೀನು ಬಿಡಿಸುವ ಹೆಂಗಸರಿಗೆ ಒಂದು ಗುಟುಕು ದೊಡ್ಡ ಮಾತೂ ಅಲ್ಲ. ಹಿಂದಿರುಗುವ ದಾರಿಯಲ್ಲಿ ಗಡಂಗಿನ ಹಿಂಬದಿ ನೆರಳಿನಲ್ಲಿ ಎಲ್ಲರೂ ಬುಟ್ಟಿ ಇಳಿಸಿ ಕೂತು ಒಂದೊಂದು ಚಿಪ್ಪು ಕಳ್ಳು ಕುಡಿದೇ ಏಳುವುದು. ಉಳಿದವರು ಒಂದಕ್ಕೆ ಏಳುತ್ತಿದ್ದರು. ಇವಳು ಕೂತಿರುತ್ತಿದ್ದಳು.

ಅವಳು ಹೇಳಿದ್ದನ್ನೆಲ್ಲ ನನ್ನಿಂದ ಕೇಳಿದ ನಮ್ಮ ಮನೆಯವರು ಒಂದೇ ಪ್ರಶ್ನೆ ಕೇಳಿದರು: "ಅವಳ ಗಂಡನಿಗೆ ಎಂತ ಕೆಲ್ಸ?" ಗಂಡ ಕಿಟ್ಟ, ಹಂಚು ತುಂಬಿಕೊಂಡು ಬೊಂಬಾಯಿಗೆ ಹೋಗುವ ಮಂಜಿ ಹಡಗಿನಲ್ಲಿ ಹಾಯಿ ಕಟ್ಟುವವನು. ಮಳೆಗಾಲ ಮುಗಿದ ಮೇಲೆ ಹೊರಟರೆ ನಡುವೆ ಹಂಚು ತುಂಬಲು ಒಂದೆರಡು ಸಲ ಬಂದಾನು; ಇಲ್ಲದಿದ್ದರೆ ಕಡಲು ಏಳುವ ಮೊದಲು ಬಂದು ಮಳೆಗಾಲವಿಡೀ ಮನೆಯಲ್ಲಿರುವವನು. ಅದನ್ನು ಕೇಳಿ ಇವರು ಎದ್ದು ಡಾಕ್ಟರ ಹತ್ತಿರ ಹೋದರು. ಮರುದಿನ ಡಾಕ್ಟರು ಜಲಜಳ ರಕ್ತ ತೆಗೆದು ಮಂಗಳೂರಿಗೆ ಕಳುಹಿಸಿದರು. ಪರಂಗಿ ಹುಣ್ಣಿನ ರೋಗ, ಡಾಕ್ಟರು ಸಿಫಿಲಿಸ್ ಎನ್ನುವುದು, ಎಂದು ಗೊತ್ತಾಗಿ ಬಂತು.

ಅದನ್ನು ಅವಳಿಗೆ ಹೇಳುವ ಕೆಲಸ ನನ್ನದಾಯಿತು. ಡಾಕ್ಟರು ಘಟ್ಟದ ಮೇಲಿನವರು. ಇಂಥ ವಿಷಯ ಹೆಂಗಸರ ಮುಂದೆ ಎತ್ತಲು ಅವರಿಗೆ ಸಂಕೋಚ. ಹಿತ್ತಿಲಲ್ಲಿ ಬಾವಿಕಟ್ಟೆಯ ಮೇಲೆ ಕೂತು ಹೇಳಿದೆ.

"ಹುಣ್ಣಾ? ಅದ್ ಮದಿ ಆದ್ ವರ್ಷವೇ ಬಂದಿತ್ತ್. ಒಂದ್ಚೂರೂ ನೋವಿರ್ಲಿಲ್ಲೆ. ತನ್ನಷ್ಟಕ್ಕೇ ಗುಣ ಆಯ್ತಲೆ?"

"ಹುಣ್ಣ್ ಹೋಯ್ತ್. ರೋಗ ಒಳ್ಗ್ ಕೂಕಂಡಿತ್ತ್. ಅದೇ ಮಕ್ಳನ್ನ ತಿಂಬುದ್."

ಅವಳು ಬಾವಿಗೆ ಬಗ್ಗಿ ನೀರನ್ನೇ ನೋಡಿದಳು. "ಹಾಂಗಾರೆ ನಾಗಂದಲ್ಲ."

"ನಾಗಂದೂ ಅಲ್ಲ, ನಿನ್ ಹೆಜ್ಜೆದೂ ಅಲ್ಲ."

ಅಷ್ಟಕ್ಕೆ ಅವಳು ಅತ್ತುಬಿಟ್ಟಳು. ನನಗೂ ಅಳು ಬಂತು; ಆದರೆ ಒಳಗೆ ಹಾಲು ಉಕ್ಕುತ್ತಿತ್ತು, ಎದ್ದೆ.

ಪ್ರತಿ ಗುರುವಾರ ಒಂದು ಸೂಜಿಮದ್ದು, ತಪ್ಪಿಸುವ ಹಾಗಿಲ್ಲ. ಕುಡಿತವಿದ್ದವರಿಗೆ ಈ ಮದ್ದು ಯಕೃತ್ತನ್ನು ಹಾಳು ಮಾಡುತ್ತದೆ, ಆದ್ದರಿಂದ ಸಾರಾಯಿ ಕಳ್ಳು ಎರಡೂ ಇಲ್ಲ. ಗಂಡನಿಗೂ ಸೂಜಿ ಆಗಬೇಕು. ಅಲ್ಲಿಯವರೆಗೆ ಇಬ್ಬರೂ ಒಟ್ಟಿಗೆ ಮಲಗಬಾರದು, ಇಲ್ಲದಿದ್ದರೆ ಹಾಕಿದ್ದೆಲ್ಲ ನೀರಿಗೆ. ಇಷ್ಟನ್ನೂ ಅವಳಿಂದ ತಿರುಗಿ ಹೇಳಿಸಿದೆ. ಪಾಠ ಒಪ್ಪಿಸುವ ಮಕ್ಕಳ ಹಾಗೆ ಹೇಳಿ, ಕೊನೆಗೆ, "ಗಡಂಗಿನವ ನಂಗೆ ಕಾದ್ ಕಾದ್ ಸನ್ಯಾಸಿ ಆತ" ಎಂದು ನಕ್ಕಳು.

ಮೊದಮೊದಲು ಕಷ್ಟವಾಯಿತು. ಕೈ ನಡುಗುತ್ತದೆ, ನಿದ್ದೆ ಬರುವುದಿಲ್ಲ ಎನ್ನುವಳು. ಗುರುವಾರ ಸೂಜಿ ಹಾಕಿಸಿಕೊಂಡು ಬಂದವಳಿಗೆ ನಾನು ಗಂಜಿ, ಉಪ್ಪಿನಕಾಯಿ ಕೊಡುತ್ತಿದ್ದೆ; ಗಡಂಗಿನ ಹೊತ್ತು ಮೀರುವವರೆಗೆ ನಮ್ಮ ಜಗಲಿಯಲ್ಲೇ ಕೂರಿಸಿಕೊಳ್ಳುತ್ತಿದ್ದೆ. ಅವಳು ಈಗ ಮಗನನ್ನು ಎತ್ತಿಕೊಳ್ಳುತ್ತಿದ್ದಳು. ಮಡಿಲಿಗೆ ಹಾಕಿಕೊಳ್ಳುವ ಮೊದಲು ನನ್ನ ಮುಖದ ಹತ್ತಿರ ಬಂದು ಉಸಿರು ಬಿಟ್ಟು, "ಕಾಣಿ, ಇಲ್ಲೆ" ಎನ್ನುವಳು.

ಯುಗಾದಿಯಾಗಿ ಸ್ವಲ್ಪ ದಿನಕ್ಕೆ ಅವಳ ಕಣ್ಣು ಅರಶಿನವಾಯಿತು. ಉಂಡದ್ದೆಲ್ಲ ವಾಂತಿ. ಕೇರಿಯಲ್ಲಿ ಸೂಜಿಯಿಂದಲೇ ಹೀಗಾಯಿತೆಂದು ಗುಲ್ಲೆದ್ದಿತು. ಕುಡಿದೆಯಾ ಎಂದು ಕೇಳಿದರೆ ತೊಟ್ಟಿಲು ಮುಟ್ಟಿ ಇಲ್ಲವೆಂದಳು. ಡಾಕ್ಟರು ಸೂಜಿ ನಿಲ್ಲಿಸಬೇಕಾದೀತು ಎಂದಾಗ ನಾನು ಮಗನನ್ನು ಸೊಂಟಕ್ಕೇರಿಸಿಕೊಂಡು, ಅವಳ ಜೊತೆಯಲ್ಲೇ ಬೀಜಾಡಿಗೆ ನಡೆದೆ.

ಪದ್ದಕ್ಕ ಅಂಗಳದಲ್ಲಿ ಬಲೆಯ ತೂತು ಮುಚ್ಚುತ್ತಿದ್ದಳು. ನನ್ನನ್ನು ಕಂಡು ಮಣೆ ಹಾಕಿ ಮಗನಿಗೆ ಬೆಲ್ಲದ ಚೂರು ಕೊಟ್ಟಳು. ನಾನು ಸೂಜಿಯ ಮಾತೆತ್ತುವ ಮೊದಲೇ ಅವಳು, "ಪಾಪ ಅಮ್ಮಾ, ಆ ಸೂಜಿ ಬೆಂಕಿ ಅಲ್ದಾ! ಬಸ್ರಿ ಹೆಂಗ್ಸಿಗೆ ಅಷ್ಟ್ ಉಷ್ಣ ಆಪುದಾ? ನಾನ್ ದಿನಾ ಬೆಳ್ಗೆ ತಂಪಿಗೆ ಕೊಡ್ತೆ, ಅದ್ಕೇ ಜೀವ ಇತ್ತ್" ಎಂದಳು.

"ತಂಪಿಗೆ ಎಂತ ಕೊಡ್ತ್ರಿ?"

ಪದ್ದಕ್ಕ ಅಂಗಳದ ಮೂಲೆಯ ತೆಂಗಿನ ಮರ ತೋರಿಸಿದಳು. ಮುತ್ತ ಎಂಬವನು ಅದನ್ನು ಕಳ್ಳಿಗೆ ಕಟ್ಟಿದ್ದ. ದಿನ ಬೆಳಿಗ್ಗೆ ಇಳಿಸಿದ್ದರಲ್ಲಿ ಮನೆಯವರಿಗೆ ಒಂದು ಪಾಲು. ಆ ಪಾಲು ಗಂಜಿತೆಳಿಗೆ ಬೆರೆತು, ಬೆಲ್ಲದ ಜೊತೆ, ಸೊಸೆಯ ಹೊಟ್ಟೆಗೆ ಹೋಗುತ್ತಿತ್ತು. ಜಲಜ ಬಾಯಿ ತೆರೆದುಕೊಂಡು ನಿಂತಳು. "ಅದ್ ಕಳ್ಳಾ? ನೀವ್ ಹುಳಿಗಂಜಿ ಅಂದ್ರಿ!"

"ಬೆಳ್ಗಿನ್ ಕಳ್ಳ್ ಕಳ್ಳಾ ಮಾರಾಯ್ತಿ? ಅದ್ ಮಕ್ಳೂ ಕುಡಿತೊ. ಹುಳಿ ಬಂದ್ ಮೇಲಲ್ದಾ ಅದ್ ಕಳ್ಳಾಪುದ್!"

ಅವಳ ಮುಖದಲ್ಲಿ ಕಪಟವಿರಲಿಲ್ಲ. ಗಡಂಗಿನದ್ದು ಕುಡಿತ, ಮನೆಯ ಮರದ್ದು ಮದ್ದು. ಕಡಲಕರೆಯಲ್ಲಿ ಯಾರನ್ನು ಕೇಳಿದರೂ ಹಾಗೆಯೇ ಹೇಳುತ್ತಿದ್ದರು. ಬಯ್ಯಲು ನನಗೆ ಬಾಯಿ ಬರಲಿಲ್ಲ. ಮಣೆಯನ್ನು ಅವಳ ಹತ್ತಿರ ಎಳೆದುಕೊಂಡು, ಸೂಜಿ ಯಾಕೆ, ರೋಗ ಯಾವುದು, ಅದು ಮನೆಗೆ ಹೇಗೆ ಬಂತು, ಎಲ್ಲ ಹೇಳಿದೆ. ಕಿಟ್ಟನ ಹೆಸರು ಬಂದಾಗ ಬಲೆ ಕಿತ್ತೆಸೆದು ಏಳುವಳೇನೋ ಎಂದಿದ್ದೆ. ಅವಳು ಬಲೆಯ ದಾರವನ್ನು ಬೆರಳಿಗೆ ಸುತ್ತುತ್ತಾ ಕೂತಳು.

"ಅವ್ನ ಅಪ್ಪನೂ ಮಂಜಿಯವ್ನೇ" ಎಂದಳು ಕಡೆಗೆ. "ಕಿಟ್ಟಂಗಿಂತ ಮುಂಚೆ ನಂದೂ ಹೀಂಗೇ ಹೋಯಿತ್ತ್. ಎಷ್ಟ್ ಅಂಬುದ್ ಈಗ ಹೇಳುದೆಂತಕೆ. ನಾಗಂಗೆ ಹಾಲೆರ್ದೇ ಮುಗೀತ್." ಆಮೇಲೆ ಕತ್ತೆತ್ತಿ ಕೂಗಿದಳು: "ಹ್ವಾಯ್ ಮುತ್ತಾ! ನಾಳಿಂದ ಈ ಮರ ಹತ್ತುದ್ ಬ್ಯಾಡ. ಮಡ್ಕಿ ಇಳ್ಸ್!"

ಬೇಲಿಯಾಚೆಯಿಂದ ಮುತ್ತ, "ಎಂತಕೆ ಪದ್ದಕ್ಕ, ಮರಕ್ಕೆ ಬಂದದ್ದೆಂತ?" ಎಂದ.

"ಮರಕ್ಕೆ ಕಾಯಿ ಬಿಡುಕಿತ್ತ್. ನಿನ್ ಮಡ್ಕಿ ಕಟ್ಟಿರೆ ಕಾಯಿ ಬತ್ತಾ?"

ಅಂದಿನಿಂದ ತಂಪಿಗೆ ಬೊಂಡದ ಎಳನೀರು. ಅವಳ ಕಣ್ಣು ತಿಳಿಯಾಗುವವರೆಗೆ ಡಾಕ್ಟರು ಕಾದರು. ಆಮೇಲೆ ಸೂಜಿ ಮತ್ತೆ ಶುರುವಾಯಿತು.

ಸೆಖೆ ಏರಿದ ಹಾಗೆ ಅವಳ ಹೊಟ್ಟೆ ತುಸು ಕಾಣಿಸಿತು. ಬಾಯಿಯೂ ಹಳೆಯ ಹಾಗೆ ಆಗಿತ್ತು. ಹೀಗಿರುವಾಗ ಒಂದು ಗುರುವಾರ ಅವಳು ಬರಲಿಲ್ಲ. ಮರುದಿನ ಮಧ್ಯಾಹ್ನ ಬಂದಳು, ಮೆಟ್ಟಿಲ ಕೆಳಗೆ ನಿಂತಳು. ಮಗ ಅವಳನ್ನು ಕಂಡು ಕೈ ಚಾಚಿದ. ಅವಳು ಮೇಲೆ ಬರಲಿಲ್ಲ. ಉಸಿರು ತೋರಿಸಲೂ ಇಲ್ಲ.

ನಾನೇ ಇಳಿದು ಹೋಗಿ ಭುಜ ಹಿಡಿದು ಕೂರಿಸಿದೆ. ಗಡಂಗಿನ ವಾಸನೆ.

"ಮಂಜಿ ಬೊಂಬಾಯಿ ಬಿಟ್ಟಿತಂಬ್ರ್" ಎಂದಳು. "ಗಾಳಿ ಸಮ ಬಂದ್ರೆ ಹತ್ತ್ ದಿನವೋ, ಹದ್ನೈದ್ ದಿನವೋ."

"ಅದ್ಕೆ ಕುಡಿದ್ಯಾ?"

"ನಿಮ್ಗ್ ಹೇಳ್ರೆ ಅರ್ಥ ಆತಿಲ್ಲೆ ಅಕ್ಕಾ. ಅವ್ರ್ ಒಳ್ಳೆಯವ್ರೇ. ಬಪ್ಪತಿಗೆ ಸೀರೆ ತತ್ರ್, ಬಾಟ್ಲಿ ತತ್ರ್. ನಂಗೂ ಕೊಡ್ತ್ರ್. ಮೂರ್ ಗುಟ್ಕ್ ಹೋಯ್ತ್ ಅಂದ್ರೆ ನಗಿ ಬತ್ತ್. ಮತ್ತೆ ಅವ್ರ್ ಎಂತ ಅಂದ್ರೂ 'ಹೂಂ'. ಅವ್ರ ಮೈಯಲ್ಲಿ ಆ ಹುಣ್ಣ್ ಕಂಡ್ ದಿನವೂ 'ಹೂಂ' ಅಂದೆ. ಕುಡ್ದ್ ಬಾಯಿಗೆ 'ಬ್ಯಾಡ' ಅಂಬುಕೆ ಬತ್ತಿಲ್ಲೆ. ಕುಡೀದೆ ಇದ್ರೆ ಅವ್ರ ಎದ್ರ್ ನಿಂಬುಕೇ ಹೆದ್ರಿಕೆ. ನಾನ್ ಎಂತ ಮಾಡ್ಕ್?"

ಇಡೀ ಊರಿಗೆ ಉತ್ತರ ಕೊಡುವ ಹುಡುಗಿ ಸ್ವಂತ ಕೋಣೆಯಲ್ಲಿ ಮೂಕಿ. ನಾನು ಅವಳ ಬೆನ್ನು ನೀವುತ್ತಾ ಕೂತೆ. ಬಾಗಿಲ ಹಿಂದೆ ನಮ್ಮ ಅತ್ತೆ ನಿಂತಿದ್ದು ಇಬ್ಬರಿಗೂ ಗೊತ್ತಿರಲಿಲ್ಲ.

"ಬಯ್ಕಿ ಮಾಡಿ ತೌರಿಗೆ ಕಳ್ಸಿ ಬಿಡುಕ್ ಆತಿಲ್ಯಾ ಇವ್ಳನ್ನ?" ಎಂದರು ಅತ್ತೆ, ಮೀನಿನ ದರ ಕೇಳುವ ದನಿಯಲ್ಲೇ.

ನಾನು ಅವರನ್ನೇ ನೋಡಿದೆ. ನಮ್ಮ ಕಡೆ ಬಯಕೆಯ ಊಟ ಉಂಡು ಹಸಿರು ಬಳೆ ತೊಟ್ಟು ತೌರಿಗೆ ಹೊರಟ ಬಸುರಿ ಬಾಣಂತನ ಮುಗಿಯುವವರೆಗೆ ಗಂಡನ ಮನೆಯ ಹೊಸಿಲು ತುಳಿಯುವುದಿಲ್ಲ. ಗಂಡ ಬಂದು ಮಾತಾಡಿಸಿ ಹೋಗಬಹುದು, ಉಳಿಯುವ ಹಾಗಿಲ್ಲ. ಯಾರೂ ಯಾಕೆಂದು ಕೇಳುವುದಿಲ್ಲ.

"ಏಳ್ರಲ್ಲಿ ಅಲ್ದಾ ಅಮ್ಮಾ ಬಯ್ಕಿ? ನಂಗ್ ಇನ್ನೂ ಐದ್."

"ಐದೂ ಬೆಸವೇ, ಏಳೂ ಬೆಸವೇ. ಏಳರ್ವರ್ಗೆ ಕಾದ್ರೆ ನಿನ್ ಗಂಡ ಮಂಜಿ ಮೇಲೇ ಕೂತ್ಕಂತ್ನಾ?"

ಐದು ಎಂದರೆ ಮೊದಲ ಬಸುರು ಹೋದ ತಿಂಗಳು. ಆ ಹೆಸರಿಗೇ ಜಲಜ ಹೆದರಿದಳು. ಪದ್ದಕ್ಕನಿಗೂ ಅದೇ ಅಂಜಿಕೆ: ಮುಂಚಿತವಾಗಿ ಸಂಭ್ರಮ ಮಾಡಿದರೆ ಕಣ್ಣು ಬೀಳುತ್ತದೆ. ನಾನು ಬೀಜಾಡಿಗೆ ಎರಡು ಸಲ ಹೋದೆ. ಎರಡನೆಯ ಸಲ ಪದ್ದಕ್ಕ ಪೆಟ್ಟಿಗೆ ತೆರೆದು, ಹಿಂದಿನ ಸಲ ಉಡಿಸಲಾಗದ ಹಸಿರು ಸೀರೆಯನ್ನು ಹೊರಗೆ ತೆಗೆದು ಬಿಸಿಲಿಗೆ ಹರಡಿದಳು. ಒಪ್ಪಿದಳೆಂದು ಬಾಯಿಬಿಟ್ಟು ಹೇಳಲಿಲ್ಲ. "ಜಿರ್ಲಿ ವಾಸ್ನೆ ಬಂದಿತ್ತ್" ಎಂದಳು ಅಷ್ಟೆ.

ತೌರೂರು ಮರವಂತೆಯಿಂದ ಜಲಜಳ ಅಬ್ಬಿ, ಎಂದರೆ ತಾಯಿ, ಇಬ್ಬರು ನೆಂಟರ ಹೆಂಗಸರೊಡನೆ ಬಂದಳು. ಸೀಗಡಿ ಚಟ್ಲಿಯ ಸಾರು, ಕೋಳಿ, ಉದ್ದಿನ ಕಡುಬು, ಮಾವಿನ ಹಣ್ಣಿನ ರಸಾಯನ. ಮಡಿಲು ತುಂಬುವಾಗ ಒಬ್ಬ ಮುದುಕಿ, "ಇಷ್ಟ್ ಗಡಿಬಿಡಿ ಎಂತಕಾ? ಹೊಟ್ಟೆ ಇನ್ನೂ ನುಗ್ಗಿಕಾಯಿಯಷ್ಟ್ ಇತ್ತ್" ಎಂದಳು. ಪದ್ದಕ್ಕ ಕಡುಬು ಬಡಿಸುತ್ತಲೇ, "ಈ ಸಲ ಮೊಮ್ಮಗ ಬೇಗ ಬತ್ತೆ ಅಂದಿತ್. ನಿಂಗೆ ಕಡ್ಬ್ ಬೇಕಾ, ಪಂಚಾಯ್ತಿ ಬೇಕಾ?" ಎಂದಳು. ಎಲ್ಲರೂ ನಕ್ಕರು. ಊಟದ ಜೊತೆ ಕೊಡುವ ಸಾರಾಯಿಯನ್ನು ಆ ದಿನ ಅವಳು ಹೆಂಗಸರ ಪಂಕ್ತಿಗೆ ತರಲೇ ಇಲ್ಲ. ಹಸಿರು ಸೀರೆಯ ಜಲಜ ಎಲೆಯ ಮುಂದೆ ಕೂತು, ಉಣ್ಣುವುದನ್ನು ಬಿಟ್ಟು ತನ್ನ ಬಳೆಗಳನ್ನೇ ನೋಡುತ್ತಿದ್ದಳು.

ಮಂಜಿ ಬಂತು. ಕಿಟ್ಟ ಮನೆಗೆ ಬಂದು, ಹೆಂಡತಿ ಇಲ್ಲದ್ದನ್ನು ಕಂಡು, ಬಾಟಲಿ ಹಿಡಿದುಕೊಂಡೇ ಮರವಂತೆಗೆ ಹೋದನಂತೆ. ಮುಂದಿನದನ್ನು ಜಲಜಳೇ ಹೇಳಿದಳು: "ಅಬ್ಬಿ ಉಂಬುಕೆ ಹಾಕಿ, ಬಾಗ್ಲಿಗೆ ಅಡ್ಡ ಚಾಪಿ ಹಾಸ್ಕಂಡ್ ಮನಿಕಂಡ್ಳ್. ಅವ್ರ್ ಹೊರ್ಗ್, ನಾನ್ ಒಳ್ಗ್, ನಡೂಕೆ ಅಬ್ಬಿ ಗೊರ್ಕಿ!"

ಆದರೆ ಅಬ್ಬಿ ದಿನವೂ ಬಾಗಿಲಿಗೆ ಮಲಗಲಾಗುವುದಿಲ್ಲ. ಬಾಣಂತನವೂ ಒಂದು ದಿನ ಮುಗಿಯುತ್ತದೆ. ಮಾತು ಅವಳ ಬಾಯಿಂದಲೇ ಬರಬೇಕಿತ್ತು.

ಗುರುವಾರ ಅವಳು ಗಂಗೊಳ್ಳಿಯ ಕಡವು ದಾಟಿ ಆಸ್ಪತ್ರೆಗೆ ಬರುವಾಗ ಕಿಟ್ಟ ಹಿಂದೆಯೇ ಬಂದ. ಎತ್ತರದ ಆಳು, ಬಿಸಿಲಿಗೆ ಸುಟ್ಟ ಮೈ, ಬೊಂಬಾಯಿ ಅಂಗಿ. ಜಗಲಿಯ ಕೆಳಗೆ ನಿಂತು ಕೇಳಿದ: "ಎಂತದ್ ಇದ್? ವಾರ್‌ವಾರ ಎಂತ ಸೂಜಿ? ಊರವ್ರೆಲ್ಲ ನಗಾಡ್ತ್ರ್."

ನಾನು ಬಾಯಿ ತೆರೆದೆ. ಜಲಜ ನನ್ನ ಕಡೆ ಕೈ ಮಾಡಿ ತಡೆದಳು. ಮಡಿಲಿನಲ್ಲಿದ್ದ ನನ್ನ ಮಗನನ್ನು ಎದೆಗೆ ಒತ್ತಿಕೊಂಡು, ನೆಲ ನೋಡುತ್ತಾ ಶುರುಮಾಡಿದಳು. ಹುಣ್ಣಿನ ಮಾತು, ಹೋದ ಎರಡು ಮಕ್ಕಳ ಮಾತು. ಮುಗಿಸುವಾಗ ಕತ್ತೆತ್ತಿದ್ದಳು.

"ನಂಗ್ ನಿಮ್ ಮೇಲೆ ಸಿಟ್ಟಿಲ್ಲೆ. ಈ ಮಗು ಉಳೂಕ್. ನೀವ್ ಸೂಜಿ ಹಾಕ್ಸ್ಕಣದೆ ನನ್ ಚಾಪಿಗೆ ಬಪ್ಪುದ್ ಬ್ಯಾಡ. ಬಾಟ್ಲಿಯೂ ಬ್ಯಾಡ."

ಕಿಟ್ಟನ ಮುಖ ಕಪ್ಪಿಟ್ಟಿತು. "ಬೊಂಬಾಯಿಗ್ ಹೋಪವ್ರಿಗೆಲ್ಲ ಇಪ್ಪುದೇ ಅದ್. ಗಂಡ್ಸಿಗೆ ಎಂತ ಆತಿಲ್ಲೆ."

"ಗಂಡ್ಸಿಗೆ ಆತಿಲ್ಲೆ. ಅವ್ನ ಮಕ್ಳಿಗ್ ಆತ್ತ್. ನಿಮ್ಮ ಅಬ್ಬಿ ಹತ್ರ ಕೇಣಿ, ನಿಮ್ಗಿಂತ ಮುಂಚೆ ಎಷ್ಟ್ ಜನ ಹೋಯಿತ್ತೋ ಅಂದೇಳಿ."

ಅವನು ಅದನ್ನು ಕೇಳಿರಲೇ ಇಲ್ಲ. ತುಂಬ ಹೊತ್ತು ತೆಂಗಿನ ಕಟ್ಟೆಯ ಮೇಲೆ ಕೂತ. ಆಮೇಲೆ ಎದ್ದು ಬೀಜಾಡಿಯ ಕಡೆ ನಡೆದುಹೋದ. ಜಲಜ ಗೋಡೆಗೆ ಒರಗಿ ಕೂತಳು. "ಅಕ್ಕಾ, ನಾನ್ ಬ್ಯಾಡ ಅಂದೆ ಅಲ್ದಾ? ಕೇಣ್ತಾ?"

"ಇಡೀ ಕುಂದಾಪ್ರಕ್ಕೆ ಕೇಣ್ತ್ ಮಾರಾಯ್ತಿ."

ಮುಂದಿನ ಗುರುವಾರ ಅವನು ಬರಲಿಲ್ಲ. ಅದರ ಮುಂದಿನ ವಾರ ಮಳೆ ಹಿಡಿದಿತ್ತು. ಕಂಬಳಿ ಕೊಪ್ಪೆಯಲ್ಲಿ ಬಂದ. ಹಿಂದೆ ಪದ್ದಕ್ಕ ತಾಳೆಗರಿ ಕೊಡೆ ಹಿಡಿದು, ಎಮ್ಮೆ ಹೊಡೆದುಕೊಂಡು ಬರುವವಳ ಹಾಗೆ. ಬಿರುಗಾಳಿಯಲ್ಲಿ ಹಾಯಿಕಂಬದ ತುದಿಗೆ ಹತ್ತುವ ಆಳು ಸೂಜಿ ಕಂಡು ಬೆವತು ಬೆಂಚಿನ ಮೇಲೆ ಮಲಗಿಬಿಟ್ಟನೆಂದು ನಮ್ಮ ಮನೆಯವರು ಊಟಕ್ಕೆ ಬಂದಾಗ ಹೇಳಿದರು. ಮಳೆಗಾಲವಿಡೀ ಬಂದ ಎನ್ನಲಾರೆ. ಎರಡು ವಾರ ತಪ್ಪಿಸಿಕೊಂಡ, ಒಂದು ಸಲ ಕುಡಿದು ಬಂದು ಡಾಕ್ಟರಿಂದ ಬಯ್ಯಿಸಿಕೊಂಡು ತಿರುಗಿ ಹೋದ. ಆದರೆ ನೂಲುಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಟ್ಟು ಮಂಜಿ ಹೊರಡುವ ಹೊತ್ತಿಗೆ ಅವನ ಸೂಜಿ ಮುಗಿದಿತ್ತು. ಇನ್ನು ಬೊಂಬಾಯಿಯಿಂದ ಬಂದಾಗಲೆಲ್ಲ ಮೊದಲು ರಕ್ತ ಕೊಟ್ಟು ನೋಡಿಸಬೇಕೆಂದು ಡಾಕ್ಟರು ಹೇಳಿದ್ದರು.

ನವರಾತ್ರಿಯಲ್ಲಿ ಮರವಂತೆಯಿಂದ ಸುದ್ದಿ ಬಂತು: ಹೆಣ್ಣು, ಅಳು ಹೊಳೆಯಾಚೆಗೂ ಕೇಳುವಂಥದ್ದು. ಬಾಣಂತಿಯ ಮದ್ದಿಗೆ ಸಾರಾಯಿ ಬದಲು ಶುಂಠಿ ಕಷಾಯವೆಂದು ಪದ್ದಕ್ಕ ಬೀಗಿತಿಯ ಹತ್ತಿರ ಜಗಳ ಮಾಡಿ ಬಂದಿದ್ದಳು. ಬಾಣಂತನ ಮುಗಿಸಿ ಜಲಜ ಮಗುವನ್ನು ಮೊದಲು ತಂದದ್ದು ನಮ್ಮ ಜಗಲಿಗೆ. ನೋಡಬೇಕಾದದ್ದು ಏನೆಂದು ಇವರು ನನಗೆ ಹೇಳಿಕೊಟ್ಟಿದ್ದರು: ಈ ರೋಗ ಮಕ್ಕಳ ಅಂಗೈ ಅಂಗಾಲಿನಲ್ಲಿ ಗುಳ್ಳೆಯಾಗಿ ಏಳುತ್ತದೆ, ಮೂಗು ಕಟ್ಟುತ್ತದೆ. ನಾನು ಮಗುವಿನ ಮುಷ್ಟಿಯನ್ನು ಒಂದೊಂದೇ ಬೆರಳು ಬಿಡಿಸಿ ನೋಡಿದೆ. ಜಲಜ ಉಸಿರು ಕಟ್ಟಿದ್ದಳು. ಅಂಗೈ ನುಣುಪಾಗಿತ್ತು, ಒಂದು ಕಲೆಯಿಲ್ಲ. ಅಂಗಾಲೂ ಹಾಗೆಯೇ. ಮಗು ನನ್ನ ಬೆರಳು ಹಿಡಿದುಕೊಂಡಿತು. ಇವರು ಅದರ ರಕ್ತವನ್ನೂ ಮಂಗಳೂರಿಗೆ ಕಳುಹಿಸಿದರು, ಏನಿಲ್ಲವೆಂದು ಬಂತು.

ಮಕರ ಸಂಕ್ರಾಂತಿಯ ಸುಮಾರಿಗೆ ಮಂಜಿ ಹಂಚು ತುಂಬಲು ಬಂದು ಅಳಿವೆಯಲ್ಲಿ ಲಂಗರು ಹಾಕಿತು. ಅದು ಗೊತ್ತಾದ ಬೆಳಿಗ್ಗೆಯೇ ಜಲಜ ಮಗುವಿನೊಡನೆ ನಮ್ಮಲ್ಲಿಗೆ ಬಂದು ಕೂತಳು. ಗಂಡನಿಗೆ ಮಗಳನ್ನು ಕಾಣುವುದಿದ್ದರೆ ಇಲ್ಲಿಗೇ ಬರಲಿ ಎಂದು ಹೇಳಿಕಳುಹಿಸಿದ್ದಳಂತೆ. ನನ್ನ ಮುಖದ ಹತ್ತಿರ ಬಂದು ಉಸಿರು ಬಿಟ್ಟಳು, ನಾನು ಕೇಳಿರಲಿಲ್ಲ.

ಕಿಟ್ಟ ಬಂದ. ಕೈಯಲ್ಲಿ ಬೊಂಬಾಯಿಯ ಗಿಲಕಿ. ಮೆಟ್ಟಿಲು ಹತ್ತಲಿಲ್ಲ, ಕೈ ಚಾಚಲೂ ಇಲ್ಲ. ಮಗಳನ್ನು ನೋಡಿದ, ಹೆಂಡತಿಯ ಮುಖ ನೋಡಿದ. ಜಲಜ ಆಸ್ಪತ್ರೆಯ ಬಾಗಿಲ ಕಡೆ ಕಣ್ಣು ತಿರುಗಿಸಿದಳು. ಅವನು ಗಿಲಕಿಯನ್ನು ಜಗಲಿಯ ತುದಿಗಿಟ್ಟು, ಅಂಗಿಯ ತೋಳು ಮಡಿಸುತ್ತಾ ಒಳಗೆ ಹೋದ.

ರಕ್ತ ಕೊಟ್ಟು ಹೊರಗೆ ಬಂದಾಗ ಬಲಗೈ ಮಡಚಿ ಹತ್ತಿ ಒತ್ತಿಕೊಂಡಿದ್ದ. ಜಲಜ ಎದ್ದು ಮಗುವನ್ನು ಅವನ ಎಡಗೈಗೆ ಕೊಟ್ಟಳು.

"ಈ ಕೈಯಲ್ಲಿ ಹಿಡ್ಕಣಿ" ಎಂದಳು. "ಆ ಕೈ ನೋವಿತ್ತ್ ಅಲ್ದಾ."